ಬುತ್ತಿಚೀಲದಲ್ಲಿ ಹಿಡಿಸುವ ಬೆಚ್ಚನೆಯ ಪ್ಯಾಂಟು

ನಮ್ಮ ಇಂಡಿ ಊರಿನ ಬಜಾರಿನಲ್ಲಿ ಈಗ ಬಟ್ಟೆ ಅಂಗಡಿ ತೆರೆಯುವ ತರುಣರು ಮೊದಲು ಗಾಜು ಹಾಕಿಸುತ್ತಾರೆ, ಆಮೇಲೆ ದೀಪ ಹಾಕಿಸುತ್ತಾರೆ, ಕೊನೆಗೆ ನೆನಪಾದರೆ ಬಟ್ಟೆ ತರಿಸುತ್ತಾರೆ. ಅವರಲ್ಲಿ ಒಬ್ಬಿಬ್ಬರು ನನ್ನ ಹತ್ತಿರ ಬಂದು, "ಕಾಕಾ, ನೀವು ಧಂದೆ ಹೆಂಗ ಮಾಡಿದ್ರಿ, ಸ್ವಲ್ಪ ಹೇಳ್ರಿ" ಅನ್ನುತ್ತಾರೆ. ಹೇಳಲು ಬಾಯಿ ತೆರೆದರೆ ಫೋನು ನೋಡುತ್ತ ಕೂಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವಾಗ ಫೋನು ಬಂದರೆ ಕಾಗದಕ್ಕೆ ಸಿಟ್ಟು ಬರುವುದಿಲ್ಲ, ನನಗೆ ಬರುತ್ತದೆ.

ಬಿಜಾಪುರ ಜಿಲ್ಲೆಯಲ್ಲಿ ಬೆಚ್ಚನೆಯ ಪ್ಯಾಂಟು ಮಾರಿ ಮನೆ ಕಟ್ಟಿದವನು ನಾನು. ನಗಬೇಡಿ. ಇದು ಬಿಸಿಲಿನ ಸೀಮೆ ಎಂದು ಹೇಳುವವರೆಲ್ಲ ಪುಷ್ಯ ಮಾಸದ ಬೆಳಗಿನ ಜಾವ ಎರೆಹೊಲದಲ್ಲಿ ಅಲುಗಾಡದೆ ಕುಳಿತವರಲ್ಲ. ಮರವಿಲ್ಲ, ಗುಡ್ಡವಿಲ್ಲ, ಗಾಳಿಗೆ ಅಡ್ಡ ಬರುವುದು ನಿಮ್ಮ ಮೊಣಕಾಲೊಂದೇ. ಎಪ್ಪತ್ತರ ದಶಕದ ಆರಂಭದಲ್ಲಿ ಹಾಗೆ ಕೂಡುವವರು ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕೂ ತಾಲೂಕುಗಳಲ್ಲಿ ಇದ್ದರು. ಬಿಳಿಜೋಳ, ಕಡಲೆ ತಿನ್ನಲು ಹೊಳೆಯ ಕಡೆಯಿಂದ ಕಾಡುಹಂದಿ ಬರುತ್ತಿದ್ದವು. ರೈತರು ಬಂದೂಕಿದ್ದವರನ್ನು ಕರೆಯುತ್ತಿದ್ದರು. ಬಂದೂಕಿದ್ದವರು ರೈತನ ಮೇಲೆ ಉಪಕಾರ ಮಾಡಿದವರಂತೆ ಬಂದು, ಅವನ ಮನೆಯಲ್ಲೇ ಉಂಡು, ಹಂದಿಗಿಂತ ಹೆಚ್ಚು ಕಡಲೆಯನ್ನು ಸುಲಿದು ತಿಂದು ಹೋಗುತ್ತಿದ್ದರು. ಮುಂದೆ ಕಾಯ್ದೆ ಬಂತು, ಶಿಕಾರಿ ನಿಂತಿತು, ನಾನು ಅದೇ ಪ್ಯಾಂಟನ್ನು ಹೊಲ ಕಾಯುವವರಿಗೂ ಲಾರಿ ಡ್ರೈವರುಗಳಿಗೂ ಮಾರಿದೆ. ಪ್ಯಾಂಟಿಗೇನು, ಒಳಗೆ ಯಾರ ಕಾಲಿದ್ದರೂ ನಡೆಯುತ್ತದೆ.

ನಾನು ಕೆಲಸ ಕಲಿತದ್ದು ಇಂಡಿಯ ಒಬ್ಬ ಸಾವಕಾರರ ಅಂಗಡಿಯಲ್ಲಿ. ಸಾವಕಾರರು ದೊಡ್ಡ ಮನುಷ್ಯ. ಕೂತ ಗಾದಿಯಿಂದ ಎದ್ದು ಯಾವ ಗಿರಾಕಿಗೂ ನಮಸ್ಕಾರ ಮಾಡಿದವರಲ್ಲ; ಎದ್ದರೆ ಗಾದಿ ತಣ್ಣಗಾಗುತ್ತದೆ ಎಂಬ ಚಿಂತೆ. ಅವರು ನನಗೆ ಕಲಿಸಿದ್ದು ಒಂದೇ ಮಾತು: "ಶಿವಲಿಂಗ್ಯಾ, ಗಿರಾಕಿ ನಿಂತು ಪ್ಯಾಂಟು ತಗೊಳ್ತಾನ, ಕೂತು ನಮ್ಮನ್ನ ಬೈತಾನ. ಅಂವಾ ಕೂಡೂದ್ರೊಳಗ ರೊಕ್ಕ ಪೆಟ್ಟಿಗ್ಯಾಗ ಬಿದ್ದಿರಬೇಕು."

ನಾನು ಸ್ವಂತ ಧಂದೆ ಶುರು ಮಾಡಿದಾಗ ಈ ಮಾತನ್ನು ತಲೆಕೆಳಗು ಮಾಡಿದೆ. ನನ್ನ ಅಂಗಡಿಯಲ್ಲಿ ಬೇಟೆಗೆಂದು ಪ್ಯಾಂಟು ಕೇಳಿದವನನ್ನು ಮೊದಲು ಕುಕ್ಕರುಗಾಲಿನಲ್ಲಿ ಕೂಡಿಸುತ್ತಿದ್ದೆ. ಬೇಟೆಗಾರ ನಿಲ್ಲುವುದು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ. ಉಳಿದ ಹೊತ್ತೆಲ್ಲ ಕೂಡುವುದೇ. ಕುಳಿತಾಗ ಮೊಣಕಾಲು ಬಿಗಿಯಬಾರದು, ಸೊಂಟದ ಹಿಂದೆ ಕಿಟಕಿ ತೆರೆಯಬಾರದು. ಇದನ್ನು ನೋಡದೆ ಮಾರಿದವನ ಅಂಗಡಿಗೆ ಗಿರಾಕಿ ಮತ್ತೆ ಬರುತ್ತಾನೆ, ಆದರೆ ಕೊಳ್ಳಲು ಅಲ್ಲ.

ಮೊದಮೊದಲು ನಾನು ಪುಣೆಯ ಹರಾಜಿನಲ್ಲಿ ಮಿಲಿಟರಿಯವರು ಬಿಟ್ಟ ಉಣ್ಣೆಯ ಪ್ಯಾಂಟುಗಳನ್ನು ತಂದೆ. ಹಿಮದಲ್ಲಿ ನಿಲ್ಲುವ ಸಿಪಾಯಿಗೆ ಹೊಲಿದ ಪ್ಯಾಂಟು, ನಮ್ಮ ಪಕ್ಕದ ತಾಂಬಾ ಊರಿನ ಹೊಲದಲ್ಲಿ ಏನಾಗುತ್ತದೆ ಎಂದು ಧೈರ್ಯವಾಗಿ ಮಾರಿದೆ. ಹಿಮದಲ್ಲಿ ಉತ್ತರಾಣಿ ಬೆಳೆಯುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಕೊಂಡವರೆಲ್ಲ ಮೈತುಂಬ ಉತ್ತರಾಣಿ ಮುಳ್ಳು ಅಂಟಿಸಿಕೊಂಡು ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಒಂದೊಂದೇ ಕಿತ್ತರು. ಒಬ್ಬನಿಗಂತೂ ಹಂದಿ ಸಿಗದಿದ್ದರೂ ಹಳ್ಳದ ದಂಡೆಯ ಅರ್ಧ ಗಿಡಗಂಟಿ ಸಿಕ್ಕಿತ್ತು. ಮುಂದಿನ ಸಲ ಪ್ಯಾರಾಶೂಟಿನ ನೈಲಾನು ತಂದು ಹೊಲಿಸಿದೆ. ಮುಳ್ಳು ಅಂಟಲಿಲ್ಲ, ಮಡಿಚಿದರೆ ಕೈಯೊಳಗೆ ಹಿಡಿಸಿತು, ನಾನು ಹಿಗ್ಗಿದೆ. ಹಾಕಿಕೊಂಡವನು ಕಾಲು ಅಲುಗಿಸಿದರೆ ಹಪ್ಪಳ ಮುರಿದಂತೆ ಸಪ್ಪಳ. ಹಂದಿಗೆ ಮುಂಚಿತವಾಗಿ ತಂತಿ ಕಳಿಸಿದ ಹಾಗೆ.

ಇಷ್ಟು ಪೆಟ್ಟು ತಿಂದು ಕುಳಿತಿದ್ದಾಗ ಸಿಂದಗಿಯಿಂದ ವಕೀಲರು ಬಂದರು.

ವಕೀಲರೆಂದರೆ ಸಿಂದಗಿ ಕೋರ್ಟಿನಲ್ಲಿ ಅವರೊಬ್ಬರೇ ಎನ್ನುವಂತೆ ನಡೆಯುತ್ತಿದ್ದ ಮನುಷ್ಯ. ಮುದ್ದೇಬಿಹಾಳದ ಕಡೆ ಹೊಳೆಸಾಲಿನ ಒಂದು ಊರಲ್ಲಿ ಪ್ರತಿವರ್ಷ ನಾಲ್ಕೂ ತಾಲೂಕಿನ ಬಂದೂಕಿನವರು ಕೂಡುತ್ತಿದ್ದರು. ಅಲ್ಲಿ ಹಂದಿ ಹತ್ತಿ ಬರುವ ದಾರಿಯ ಬಾಯಿಗೆ ಒಂದು ಗುಣಿ ತೋಡಿರುತ್ತಿದ್ದರು. ಅದಕ್ಕೆ ಮೊದಲ ಗುಣಿ ಎಂದು ಹೆಸರು. ಅದರಲ್ಲಿ ಕೂಡುವವನೇ ಆ ಮೇಳಕ್ಕೆ ಹಿರಿಯ. ನಿಯಮ ಸರಳ: ಮೊದಲ ಹಂದಿ ಯಾರ ಗುಂಡೇಟಿಗೆ ಬೀಳುತ್ತದೋ ಮುಂದಿನ ವರ್ಷ ಗುಣಿ ಅವರದು. ಹಂದಿ ಬೀಳದಿದ್ದರೆ, ಗುಣಿಯೊಳಗೆ ಬಿಸಿಲು ಇಳಿಯುವ ತನಕ ಏಳದೆ ಕುಳಿತವನದು. ವಕೀಲರು ಅನೇಕ ವರ್ಷಗಳಿಂದ ಆ ಗುಣಿಯ ಹಿರಿಯರು. ಹಿಂದಿನ ವರ್ಷ ಮಾತ್ರ ಮೊಣಕಾಲು ಹಿಡಿದು ಬೆಳಕು ಹರಿಯುವ ಮೊದಲೇ ಎದ್ದುಬಿಟ್ಟಿದ್ದರು. ಮೇಳದವರು ನೋಡಿಯೂ ನೋಡದಂತೆ ಇದ್ದರು. ಆದರೆ ಈ ವರ್ಷ ಎದ್ದರೆ ಗುಣಿ, ಹೊಲದ ಆಚೆ ಕೊನೆಯ ಎರಡನೆಯ ಗುಣಿಯಲ್ಲಿ ಕೂಡುವವನಿಗೆ ಎಂದು ಮಾತಾಗಿತ್ತು. ಆ ಎರಡನೆಯವನು ಬೇರೆ ಯಾರೂ ಅಲ್ಲ, ಅವರ ಅಳಿಯ. ಬಸವನ ಬಾಗೇವಾಡಿಯಲ್ಲಿ ಟ್ರ್ಯಾಕ್ಟರಿನ ಸಾಮಾನು ಮಾರುವ ತರುಣ.

"ಶಿವಲಿಂಗಪ್ಪ, ಒಂದು ಪ್ಯಾಂಟು ಬೇಕು," ಎಂದರು ವಕೀಲರು, ಕೋರ್ಟಿನಲ್ಲಿ ಸಾಕ್ಷಿಯನ್ನು ಎದುರಿಸುವ ದನಿಯಲ್ಲಿ. "ಧೋತರದ ಮ್ಯಾಲ ಹಾಕ್ಕೊಳ್ಳಾಕ ಬರಬೇಕು. ಸಪ್ಪಳಾಗಬಾರದು. ಬೆಚ್ಚಗ ಇರಬೇಕು. ಮತ್ತ ಇದರಾಗ ಹಿಡಿಸಬೇಕು." ಮೇಜಿನ ಮೇಲೆ ಒಂದು ಬುತ್ತಿಚೀಲ ಇಟ್ಟರು. ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಹಾಕಿದರೆ ತುಂಬುವಂಥದ್ದು.

"ಸಾಹೇಬ್ರ, ಒಂದು ದಪ್ಪ ಕೌದಿ ಹೊತ್ಕೊಂಡು ಕುಂತ್ರ ಆಗೂದಿಲ್ಲೇನ್ರಿ?"

"ಕೌದಿ ಹೊತ್ತು ಹೋದ್ರ ನನ್ನ ಅಳಿಯ ಏನಂತಾನ ಗೊತ್ತೈತೇನು? 'ಮಾವಾರ, ತಲಿದಿಂಬ ನಾ ತರ್ಲೇನ್ರಿ' ಅಂತಾನ. ಎಲ್ಲಾರ ಮುಂದ ಬರೇ ಧೋತರದಾಗ ಹೋಗ್ತೇನಿ. ಗುಣಿಯೊಳಗ ಇಳದ ಮ್ಯಾಲ ಹಾಕ್ಕೊಳ್ತೇನಿ. ಒಬ್ಬರಿಗೂ ಕಾಣಬಾರದು."

"ರೇಟು ಬ್ಯಾರೆ ಆಗ್ತೈತ್ರಿ."

"ಶಿಕಾರಿ ಆದ ಮ್ಯಾಲ ಕೊಡ್ತೇನಿ. ನೀನೂ ನನ್ನ ಕೂಡ ಗುಣಿಯಾಗ ಕೂಡಬೇಕು. ನನಗ ಥಂಡಿ ಹತ್ತಿದ್ರ ನಿನ್ನ ಪ್ಯಾಂಟು ಬಿಚ್ಚಿಸಿ ನಾ ಹಾಕ್ಕೊಳ್ತೇನಿ."

ಚೌಕಾಸಿ ಮಾಡುವವರಿಗೆ ಇಲ್ಲೊಂದು ಮಾತು. ಗಿರಾಕಿಗೆ ಬೇಕಾದದ್ದು ಬಟ್ಟೆಯಲ್ಲ, ಬಟ್ಟೆಯಿಂದ ಮುಚ್ಚಬೇಕಾದ ಇನ್ನೇನೋ. ಅದು ಏನೆಂದು ತಿಳಿದ ಮೇಲೆ ರೇಟು ಹೇಳಬೇಕು. ವಕೀಲರು ಮುಚ್ಚಬೇಕಾಗಿದ್ದದ್ದು ಮೊಣಕಾಲನ್ನಲ್ಲ, ವಯಸ್ಸನ್ನು. ನಾನು ಒಪ್ಪಿದೆ.

ತಾಂಬಾದಲ್ಲಿ ಹುಸೇನಸಾಬ ಎಂಬ ಪಿಂಜಾರ ಗೆಳೆಯನಿದ್ದ. ಅರಳೆ ಹಿಂಜಿ ಗಾದಿ, ತಲೆದಿಂಬು ಮಾಡುವುದು ಅವನ ಮನೆತನದ ಕೆಲಸ. ನನ್ನ ಪ್ರತಿ ಮಾತಿಗೂ ಅಡ್ಡ ಮಾತಾಡುವುದು ಅವನು ತಾನಾಗಿ ಹಚ್ಚಿಕೊಂಡ ಕೆಲಸ. ಅವನ ಅಂಗಳದಲ್ಲಿ ಕುಳಿತು ವಿಷಯ ಹೇಳಿದೆ.

"ಅಂದ್ರ ಕಾಲಿಗೆ ಗಾದಿ ಹೊಲೀಬೇಕು," ಎಂದ.

"ಗಾದಿಯಲ್ಲೋ ಮಾರಾಯಾ, ಪ್ಯಾಂಟು."

"ಎರಡು ಗಾದಿ ಅನ್ನು. ಮಲಗಾಂವ ಒಬ್ಬಾಂವ."

ಬಟ್ಟೆ ನಾನು ಆರಿಸಿದೆ: ಮಾಂಜರಪಾಟು, ನಮ್ಮ ಕಡೆ ಒಳಂಗಿಗೆ ಬಳಸುತ್ತಿದ್ದ ದಪ್ಪ ಹತ್ತಿ ಬಟ್ಟೆ. ಹೊಸದು ಕರಕರ ಎನ್ನುತ್ತದೆ. ಆದ್ದರಿಂದ ಒಗೆಸಿ, ಒಣಗಿಸಿ, ಮತ್ತೆ ಒಗೆಸಿ, ಮುದುಕನ ಕೆನ್ನೆಯಂತೆ ಮೆತ್ತಗಾದ ಮೇಲೆ ಒಣಹುಲ್ಲಿನ ಬಣ್ಣ ಹಾಕಿಸಿದೆ. ಗುಂಡಿ ಬೇಡವೆಂದೆ, ಗುಂಡಿ ಬಂದೂಕಿಗೆ ತಾಗಿ ಟಕ್ ಎನ್ನುತ್ತದೆ. ಗುಣಿಯೊಳಗೆ ಬೂಟು ಬಿಚ್ಚುವುದಕ್ಕೂ ಜಾಗವಿಲ್ಲ. ಅದಕ್ಕೆ ಎರಡೂ ಬದಿ ಸೊಂಟದಿಂದ ಹಿಮ್ಮಡದ ತನಕ ತೆರೆದಿಟ್ಟು, ಹಳೇ ಕಾಲದ ಅಂಗಿಯ ಹಾಗೆ ಕಸೆ ಕಟ್ಟುವಂತೆ ಮಾಡಿಸಿದೆ. ಈಗಿನ ಪ್ಯಾಂಟುಗಳಲ್ಲಿ ಬದಿಗೆ ಉದ್ದ ಜಿಪ್ಪು ಇಟ್ಟು ಹೊಸ ಶೋಧ ಎಂದು ಮಾರುತ್ತಾರೆ. ಮಾರಲಿ.

ಜಗಳ ಬಂದದ್ದು ಒಳಗೆ ಏನು ತುಂಬಬೇಕೆಂಬುದಕ್ಕೆ. ಹುಸೇನಸಾಬ ಹತ್ತಿಯ ಅರಳೆ ಎಂದ. ನಾನು ತಲೆದಿಂಬಿಗೆ ತುಂಬುವ ಬೂರುಗದ ಅರಳೆ ಎಂದೆ.

"ಬೂರುಗ ಗಾಳಿಗೆ ಹಾರಿಹೋಗ್ತೈತಿ. ವಕೀಲರೂ ಹಾರತಾರ," ಎಂದ.

"ಹತ್ತಿ ಒಮ್ಮೆ ಮಂಜು ಕುಡಿದ್ರ ಹೋಳಿಗಿ ಆಗಿ ಕೂಡ್ತೈತಿ."

"ನನಗ ಅರಳಿ ಕಲಸ್ತೀಯೇನು ಶಿವಲಿಂಗಣ್ಣ? ನೀ ಹುಟ್ಟಿದಾಗ ನಿನ್ನ ತಲಿ ಕೆಳಗ ಇಟ್ಟಿದ್ದು ನಮ್ಮಪ್ಪ ಹಿಂಜಿದ ಅರಳಿ."

"ಅದಕ್ಕs ನನ್ನ ತಲಿ ಇಷ್ಟು ಗಟ್ಟಿ ಐತಿ."

ಪರೀಕ್ಷೆ ಮಾಡಿದೆವು. ಎರಡನ್ನೂ ಒಂದೊಂದು ಚೀಲದಲ್ಲಿ ತುರುಕಿ, ಇಬ್ಬರೂ ಒಂದೊಂದರ ಮೇಲೆ ಕುಳಿತು ಚಹಾ ಕುಡಿದು, ಊರ ಮಂದಿಯ ಚಾಡಿ ಎಲ್ಲ ಮುಗಿಸಿ ಎದ್ದೆವು. ಬಿಚ್ಚಿದಾಗ ಬೂರುಗ ಉಸಿರು ಎಳೆದುಕೊಂಡು ಮೇಲೆದ್ದಿತು. ಹತ್ತಿ ಕುಳಿತಲ್ಲೇ ಕುಳಿತಿತ್ತು, ನಮ್ಮ ಸಾವಕಾರರ ಹಾಗೆ. ಹುಸೇನಸಾಬ ಬೂರುಗ ತರಲು ಎದ್ದ. ಸೋತೆ ಎನ್ನುವುದು ಅವನ ಬಾಯಲ್ಲಿ ಬರುವ ಮಾತಲ್ಲ.

ಗೆದ್ದೆನೆಂದು ನಾನೂ ಬಹಳ ಹೊತ್ತು ಹಿಗ್ಗಲಿಲ್ಲ. ಮೊದಲ ಪ್ಯಾಂಟನ್ನು ಸುತ್ತ ಮಾತ್ರ ಹೊಲಿದಿದ್ದೆವು. ಹಾಕಿಕೊಂಡು ಅಂಗಳದಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಬೂರುಗವೆಲ್ಲ ಕೆಳಗಿಳಿದು ನನಗೆ ಆನೆಕಾಲು ರೋಗ ಬಂದಂತಾಯಿತು. ಹುಸೇನಸಾಬನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದುಕೊಂಡಳು. "ಅಣ್ಣಾರ, ಕೌದಿ ಹೊಲಿದಂಗ ಹೊಲಿಬೇಕ್ರಿ," ಎಂದಳು. ಹೊಲಿಗೆ ಒತ್ತಾದರೆ ಅರಳೆ ಸತ್ತು ಬೆಚ್ಚಗಾಗುವುದಿಲ್ಲ, ದೂರವಾದರೆ ಜಾರುತ್ತದೆ. ಅಂಗೈಯಗಲದ ಚೌಕಗಳಲ್ಲಿ ಹೊಲಿಸಿದಾಗ ಸರಿಹೋಯಿತು. ಮೊಣಕಾಲಿಗೂ ಕೂಡುವ ಜಾಗಕ್ಕೂ ಎರಡು ಪದರ. ಕಾಲಿನ ತುದಿಯಿಂದ ಬಿಗಿಯಾಗಿ ಸುರುಳಿ ಸುತ್ತಿದರೆ ಒಳಗಿನ ಗಾಳಿ ಹೊರಟುಹೋಗಿ ಬುತ್ತಿಚೀಲದಲ್ಲಿ ಕುಳಿತಿತು. ಮೇಲೆ ಒಂದು ರೊಟ್ಟಿಗೆ ಜಾಗವೂ ಉಳಿಯಿತು. ಆ ಪ್ಯಾಂಟಿಗೆ ಇವತ್ತಿಗೂ ನಾನು ಕುಂದು ಹೇಳುವುದಿಲ್ಲ.

ಸಿಂದಗಿಗೆ ಒಯ್ದು ಮುಟ್ಟಿಸಿದಾಗ ವಕೀಲರು ಕೋರ್ಟಿನಲ್ಲಿದ್ದರು. ಮನೆಯಲ್ಲಿದ್ದ ಅವರ ಹೆಂಡತಿ (ನಾವೆಲ್ಲ ಗೌರವದಿಂದ ಬಾಯಾರು ಎನ್ನುತ್ತಿದ್ದೆವು) ಅದನ್ನು ಬಿಚ್ಚಿ, ತಿರುವಿ, ಹೊಲಿಗೆಯ ಮೇಲೆ ಕೈಯಾಡಿಸಿದರು.

"ಎಷ್ಟು ನಾಜೂಕ ಮಾಡಿಸೀರಿ. ಶಿಕಾರಿಗೆ ಇನ್ನೂ ವ್ಯಾಳ್ಯಾ ಐತಿ. ಜೋಪಾನ ಮಾಡಿಡ್ತೇನಿ," ಎಂದರು.

"ಇಡ್ರಿ ಬಾಯಾರ," ಎಂದೆ. ಹೆಣ್ಣುಮಕ್ಕಳು ಜೋಪಾನ ಮಾಡುತ್ತೇನೆ ಎಂದರೆ ಎಲ್ಲಿ, ಹೇಗೆ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಶಿಕಾರಿಯ ದಿನ ಬಂತು. ಬೆಳಗಿನ ಜಾವ ಜೀಪು ಹಳ್ಳದ ದಂಡೆಯಲ್ಲಿ ನಿಂತಿತು. ಅಳಿಯನನ್ನು ಮೊದಲ ಸಲ ಅಲ್ಲಿ ಸರಿಯಾಗಿ ನೋಡಿದೆ. ಆ ವರ್ಷ ಬೆಲ್ ಬಾಟಂ ಬಂದಿತ್ತಲ್ಲ, ಅದನ್ನು ತೊಟ್ಟು ಬೇಟೆಗೆ ಬಂದಿದ್ದ. ಟೆರಿಕಾಟಿನದು. ಒಂದೊಂದು ಕಾಲಿನೊಳಗೆ ಒಂದೊಂದು ಕೋಳಿ ಕಾವು ಕೂಡಬಹುದಿತ್ತು. ಗಾಳಿ ಕೆಳಗಿನಿಂದ ಒಳಹೊಕ್ಕು ಕುಶಲ ವಿಚಾರಿಸಿ ಹೊರಗೆ ಬರುತ್ತಿತ್ತು. ಇವನು ಬಿಸಿಲಿನ ತನಕ ಕೂಡುವ ಗಂಡಸಲ್ಲ ಎಂದು ನಾನು ಆಗಲೇ ಲೆಕ್ಕ ಹಾಕಿದೆ.

ಅಳಿಯ ಮುಂದೆ ಬಂದು ಮಾವನ ಕೈಯಿಂದ ಬುತ್ತಿಚೀಲ ತೆಗೆದುಕೊಂಡ. "ನಾ ಹಿಡೀತೇನ್ರಿ ಮಾವಾರ."

"ಬ್ಯಾಡ, ಬ್ಯಾಡ. ಅದರಾಗೇನೈತಿ, ಎರಡು ರೊಟ್ಟಿ," ಎಂದರು ವಕೀಲರು. ಸುಳ್ಳು ಹೇಳುವುದೇ ವೃತ್ತಿಯಾಗಿದ್ದರೂ ಆ ಹೊತ್ತು ದನಿ ನಡುಗಿತು.

"ರೊಟ್ಟಿ ಆದ್ರೂ ಭಾರ ಭಾರನs ಅಲ್ರಿ," ಎಂದು ಅವನು ನಡೆದೇಬಿಟ್ಟ. ನಡೆಯುತ್ತ ಚೀಲವನ್ನು ಒಮ್ಮೆ ಮೂಗಿನ ಹತ್ತಿರ ಎತ್ತಿದ. ಯಾವ ಚಟ್ನಿ ಎಂದು ಮೂಸುತ್ತಿದ್ದಾನೆ, ಹಸಿದ ಗೂಬೆ, ಎಂದುಕೊಂಡೆ. ಗುಣಿಯ ಹತ್ತಿರ ಚೀಲವನ್ನು ಮಾವನ ಕೈಗೆ ಕೊಟ್ಟು, ಹೊಲದ ಆಚೆ ಕೊನೆಯಲ್ಲಿದ್ದ ತನ್ನ ಗುಣಿಗೆ ಹೋದ.

ನಾವಿಬ್ಬರೂ ಇಳಿದೆವು. ವಕೀಲರು ಚೀಲ ಬಿಚ್ಚಿದ ಕೂಡಲೇ ನನ್ನ ಮೂಗಿಗೆ ಹೊಡೆದ ವಾಸನೆ ಏನು ಹೇಳಲಿ. ನುಸಿಗುಳಿಗೆ. ನಮ್ಮ ಕಡೆ ಡಾಂಬರ ಗುಳಿಗಿ ಅನ್ನುತ್ತೇವಲ್ಲ, ಅದು. ಬಾಯಾರು ಪ್ಯಾಂಟನ್ನು ತಮ್ಮ ಲಗ್ನದ ರೇಷ್ಮೆ ಪತ್ತಲಗಳ ನಡುವೆ ಟ್ರಂಕಿನಲ್ಲಿಟ್ಟು, ಚೌಕ ಚೌಕಕ್ಕೂ ಗುಳಿಗೆ ಉದುರಿಸಿ ಜೋಪಾನ ಮಾಡಿದ್ದರು. ಬೂರುಗದ ಅರಳೆ ಆ ವಾಸನೆಯನ್ನು ಪ್ರೀತಿಯಿಂದ ಕುಡಿದು ಕುಳಿತಿತ್ತು. ನಮ್ಮ ಕಡೆಯ ಮನೆಗಳಲ್ಲಿ ಬೆಲೆಬಾಳುವ ಬಟ್ಟೆಗೆ ಸಲ್ಲುವ ಮರ್ಯಾದೆ ಅದೇ. ಮನುಷ್ಯನಿಗಿಂತ ನೂರು ಪಾಲು ಮೂಗಿರುವ ಹಂದಿಗೆ ಈ ಮರ್ಯಾದೆಯ ಪರಿಚಯವಿಲ್ಲ.

"ಸಾಹೇಬ್ರ, ವಾಸನಿ," ಎಂದು ಪಿಸುಗುಟ್ಟಿದೆ.

"ಯಾವ ವಾಸನಿ?" ನಶ್ಯ ಏರಿಸಿ ಏರಿಸಿ ಅವರ ಮೂಗು ಎಂದೋ ನಿವೃತ್ತಿಯಾಗಿತ್ತು. ಕಸೆ ಕಟ್ಟಿಕೊಂಡು ಕುಳಿತರು. ಸ್ವಲ್ಪ ಹೊತ್ತಿಗೆ ಅವರ ಮುಖ ಸಡಿಲಾಯಿತು. "ಶಿವಲಿಂಗಪ್ಪ, ಮೊಣಕಾಲು ನನ್ನವು ಅನಸಾಕತ್ತಾವ," ಎಂದರು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಅಷ್ಟು ಬೆಚ್ಚನೆಯ ಪ್ಯಾಂಟು ಹೊಲಿಸಿದವನು ತನಗೊಂದು ಹೊಲಿಸಿಕೊಂಡಿರಲಿಲ್ಲ.

ಮೂಡಲು ಬೆಳ್ಳಗಾಗುವ ಹೊತ್ತಿಗೆ ದಾರಿಯ ಬಾಯಲ್ಲಿ ಹಂದಿ ಕಂಡಿತು. ಹಿಂದೆ ಇನ್ನಷ್ಟು. ವಕೀಲರು ಬಂದೂಕು ಎತ್ತಿದರು. ಪ್ಯಾಂಟು ಒಂದಿಷ್ಟೂ ಸಪ್ಪಳ ಮಾಡಲಿಲ್ಲ. ಆ ಹೆಮ್ಮೆ ನನಗೆ ಸಲ್ಲಬೇಕು. ಮುಂದಿನ ಹಂದಿ ಮೂತಿ ಎತ್ತಿತು, ಗಾಳಿ ಎಳೆದುಕೊಂಡಿತು, ಒಮ್ಮೆ ಸೀನಿದಂತೆ ಮಾಡಿ ಹೊರಳಿ ನಡೆಯಿತು. ಇಡೀ ಹಿಂಡು ಅದರ ಹಿಂದೆ ಹೊಲದ ಆಚೆ ಕೊನೆಗೆ, ಅಳಿಯನ ಗುಣಿಯ ಕಡೆಗೆ ಹೋಯಿತು. ವಕೀಲರು ಬಂದೂಕು ಕೆಳಗಿಳಿಸಿದರು. ಇನ್ನು ಆ ಕಡೆಯಿಂದ ಗುಂಡಿನ ಸಪ್ಪಳ ಬಂದರೆ ಮುಗಿಯಿತು, ಗುಣಿ ಅಳಿಯನದು. ಇಬ್ಬರೂ ಕಿವಿಗೊಟ್ಟು ಕುಳಿತೆವು.

ಸಪ್ಪಳ ಬರಲಿಲ್ಲ.

ಬಿಸಿಲು ಗುಣಿಯೊಳಗೆ ಇಳಿಯಿತು. ವಕೀಲರು ಪ್ಯಾಂಟು ಬಿಚ್ಚಿ, ಸುತ್ತಿ, ಚೀಲಕ್ಕೆ ಹಾಕಿ, ಧೋತರ ಝಾಡಿಸಿ ರಾಜನಂತೆ ಮೇಲೆದ್ದರು. ಆಚೆ ನೋಡಿದರೆ ಅಳಿಯ ಹೊಲದವನ ಗುಡಿಸಲ ಮುಂದೆ ಬೆಂಕಿಗೆ ಮೈ ಕಾಯಿಸುತ್ತ ಕುಳಿತಿದ್ದ. ಅವನ ಖಾಲಿ ಗುಣಿಯ ಅಂಚಿಗೇ ಹಂದಿಯ ಹೆಜ್ಜೆಗಳು, ಅದರಾಚೆ ಉತ್ತು ಹರವಿದಂತಾದ ಕಡಲೆ. ಹೊಲದವನು ಎಲ್ಲರ ಮುಂದೆ ಅವನನ್ನು ಬೈದ. "ಏನ್ರಿ ಧಣಿ, ಹಂದಿ ನಿಮ್ಮ ಗುಣಿ ಮುಂದ ಮೆರವಣಿಗಿ ಹೋಗ್ಯಾವ, ನೀವು ಇಲ್ಲಿ ಕೈ ಕಾಸಾಕತ್ತೀರಿ?"

"ಥಂಡಿ ತಡೀಲಿಲ್ಲಪಾ," ಎಂದು ಅಳಿಯ ತಲೆ ತಗ್ಗಿಸಿದ.

ಮೇಳದವರೆಲ್ಲ ಅವನ ಬೆಲ್ ಬಾಟಂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಅವರಿಗಿಂತ ಜೋರಾಗಿ ನಕ್ಕೆ. ವಕೀಲರು ಹಂದಿ ತಮ್ಮ ಕಣ್ಣು ಕಂಡೇ ಹೊರಳಿತು ಎಂದು ಹೇಳಿದರು. ಆ ಸಂಜೆಯೊಳಗೆ ಅವರೂ ಅದನ್ನು ನಂಬಿದ್ದರು. ಮೊದಲ ಗುಣಿ ಮತ್ತೆ ಅವರದಾಯಿತು. ನನ್ನ ರೇಟನ್ನು ಒಂದು ಮಾತೂ ಆಡದೆ ಕೊಟ್ಟರು. ವಕೀಲರೊಬ್ಬರು ಚೌಕಾಸಿ ಮಾಡದೆ ಕೊಟ್ಟದ್ದನ್ನು ನಾನು ನನ್ನ ವೃತ್ತಿಯಲ್ಲಿ ಆ ಒಂದು ಸಲವೇ ಕಂಡದ್ದು.

ಯುಗಾದಿ ಕಳೆದು ಬಿಸಿಲು ಕಾಯುತ್ತಿದ್ದ ಕಾಲಕ್ಕೆ, ಚಳಿಯ ಬಟ್ಟೆಯನ್ನು ಯಾರೂ ಕೇಳದ ಹೊತ್ತಿಗೆ, ಅಳಿಯ ಇಂಡಿಗೆ ನನ್ನ ಅಂಗಡಿಗೆ ಬಂದ. ಬಂತು ನೋಡು ಬುದ್ಧಿ, ಎಂದುಕೊಂಡು ಅಳತೆಪಟ್ಟಿ ತೆಗೆದೆ.

"ಮಾವಾರ ಪ್ಯಾಂಟಿನಂಥದ್ದು ಇನ್ನೊಂದು ಬೇಕ್ರಿ ಕಾಕಾ," ಎಂದ.

"ಯಾವ ಪ್ಯಾಂಟು ರೀ?" ಎಂದೆ. ಗಿರಾಕಿಯ ಗುಟ್ಟು ಕಾಯುವುದು ಧಂದೆಯ ಧರ್ಮ.

"ಬುತ್ತಿಚೀಲದಾಗಿಂದು." ಅವನು ನಕ್ಕ. "ನಮ್ಮ ಅತ್ತಿಯವರ ಟ್ರಂಕಿನ ವಾಸನಿ ನನಗ ಗೊತ್ತಿಲ್ಲೇನ್ರಿ? ನನ್ನ ಲಗ್ನದಾಗ ಹೊಚ್ಚಿದ ಶಾಲಿಗೂ ಇದs ವಾಸನಿ ಇತ್ತು. ಅಕ್ಕಿಕಾಳು ಬೀಳೂತನಾ ಸೀನಿದ್ನಿ. ಚೀಲ ಹಿಡದಕೂಡಲೆ ತಿಳೀತು, ಹಂದಿ ಮಾವಾರ ಕಡೆ ಬರೂದಿಲ್ಲ, ನನ್ನ ಕಡೇನs ಬರ್ತಾವ ಅಂತ."

ಅಳತೆಪಟ್ಟಿಯನ್ನು ಸುತ್ತಿ ಮೇಜಿನ ಮೇಲಿಟ್ಟೆ. "ತಿಳದೂ ಎದ್ದು ಹೋದ್ರೇನು?"

"ಕುಂತಿದ್ರ ಹೊಡೀಬೇಕಾಗ್ತಿತ್ತು. ಹೊಡದಿದ್ರ ಗುಣಿ ಹೋಗ್ತಿತ್ತು. ಗುಣಿ ಹೋದ್ರ ಮಾವಾರು ಮನಿ ಬಿಟ್ಟು ಹೊರಗ ಬರೂದಿಲ್ರಿ. ಹೋದ ವರ್ಷ ಎದ್ದು ಬಂದ ಮ್ಯಾಲ ಎಷ್ಟ ದಿನ ಕೋರ್ಟಿಗೆ ಹೋಗಿದ್ದಿಲ್ಲ ಗೊತ್ತೇನು?" ಎಂದ. ಆಮೇಲೆ ಹೊಲದವನಿಗೆ ಕಡಲೆಯ ನಷ್ಟವನ್ನು ತಾನೇ ತುಂಬಿಕೊಟ್ಟದ್ದನ್ನೂ, ಹೇಳಬಾರದಿತ್ತೇನೋ ಎಂಬಂತೆ ಹೇಳಿದ. "ಮುಂದಿನ ವರ್ಷಕ್ಕ ಮಾವಾರಿಗೆ ವಾಸನಿ ಇಲ್ಲದ್ದು ಮಾಡಿಕೊಡ್ರಿ. ಅತ್ತಿಯವರಿಗೆ ಗುಳಿಗಿ ಹಾಕಬ್ಯಾಡ್ರಿ ಅಂತ ನೀವs ಹೇಳಬೇಕು. ನಾ ಹೇಳಿದ್ರ ಗುಟ್ಟು ಒಡೀತೈತಿ."

ಅಂದಿನಿಂದ ನಾನು ಮಾರಿದ ಪ್ರತಿ ಬೆಚ್ಚನೆಯ ಪ್ಯಾಂಟಿನ ಜೇಬಿನಲ್ಲೂ ಒಂದು ಹಿಡಿ ಒಣಗಿದ ಬೇವಿನ ಸೊಪ್ಪು ಇಟ್ಟೆ. ನುಸಿಗೆ ಅಷ್ಟು ಸಾಕು, ಹಂದಿಗೂ ಅದು ಗೊತ್ತಿದ್ದ ವಾಸನೆ. ಇದನ್ನು ನಿಮ್ಮ ಗಾಜಿನ ಅಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಗಿರಾಕಿಯ ಬಟ್ಟೆ ನೋಡಿ ಗಿರಾಕಿಯನ್ನು ಅಳೆಯಬಾರದು ಎಂಬುದನ್ನೂ ಹೇಳಿಕೊಡುವುದಿಲ್ಲ. ಅದನ್ನು ಕಲಿಯಲು ನನಗೆ ಒಂದು ಬೆಲ್ ಬಾಟಂ ಬೇಕಾಯಿತು.

ಆದರೂ ವ್ಯಾಪಾರಿಯ ನಾಲಿಗೆ ಸುಮ್ಮನಿರುತ್ತದೆಯೇ. ಮಾವನ ಪ್ಯಾಂಟಿನ ರೇಟು ಮುಗಿದ ಮೇಲೆ ಕೇಳಿದೆ: "ಅಳಿಯಾರ, ಎರಡು ತಗೊಂಡ್ರ ಕಡಿಮಿ ಮಾಡಿಕೊಡ್ತೇನಿ. ನಿಮಗೊಂದು ಹೊಲಸಲೇನು?"

ಅವನು ಕಾಲನ್ನು ಮುಂದೆ ಚಾಚಿ ತನ್ನ ಬೆಲ್ ಬಾಟಮ್ಮಿನ ಘೇರನ್ನು ಒಮ್ಮೆ ನೋಡಿಕೊಂಡ.

"ನನಗ ಬ್ಯಾಡ್ರಿ ಕಾಕಾ. ವರ್ಷಾ ವರ್ಷಾ ಎದ್ದು ಹೋಗಾಂವಗ ಥಂಡಿ ಹತ್ತಬೇಕಲ್ಲ."